ಮಂಜನ್ನು ಭೇದಿಸುವ ದೀಪ ಉಂಟೆ?

ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯನ್ನು ಇಳಿದವರಿಗೆ ಮಂಜಿನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಅರಬ್ಬೀ ಸಮುದ್ರದಿಂದ ಬೀಸುವ ತೇವದ ಗಾಳಿಯು ಪಶ್ಚಿಮ ಘಟ್ಟಗಳನ್ನು ಏರುತ್ತ ಹಿಗ್ಗಿ ತಣಿಯುತ್ತದೆ. ಅದರಲ್ಲಿನ ಆವಿ ಹನಿಗಟ್ಟುತ್ತದೆ. ಕೆಳಗಿನ ಊರಿನವರಿಗೆ ಬೆಟ್ಟದ ಮೇಲೆ ಕುಳಿತ ಮೋಡವಾಗಿ ಕಾಣುವುದೇ ರಸ್ತೆಯಲ್ಲಿರುವವನ ಪಾಲಿಗೆ ಮಂಜು. ಅಂತಹ ಮಂಜಿನ ಒಂದು ಸಂಜೆ, ಕೊಟ್ಟಿಗೆಹಾರದಿಂದ ಇಳಿಯುತ್ತಿದ್ದ ನನ್ನ ಹಳೆಯ ಮಾರುತಿ 800 ಕಾರಿನ ಮುಂದೆ, ಹಿಂಬದಿಯ ದೀಪವಿಲ್ಲದೆ ಕೆಟ್ಟು ನಿಂತಿದ್ದ ಲಾರಿಯೊಂದು ಹಠಾತ್ತನೆ ಮೂಡಿತು. ಕಾರು ನಿಂತಾಗ ನಡುವೆ ಉಳಿದಿದ್ದುದು ಒಂದು ಮಾರು ಅಂತರ. ಹಿಂದಿನ ಆಸನದಲ್ಲಿ ನಿದ್ರಿಸುತ್ತಿದ್ದ ನಮ್ಮ ತಾಯಿ ಎಚ್ಚತ್ತು, “ಬಂದೆವೇನೋ ಮಗ?” ಎಂದರು.

ನಾಚಿಕೆಯ ಸಂಗತಿಯೇನೆಂದರೆ, ಅದಕ್ಕೆ ಎರಡು ವಾರ ಮೊದಲಷ್ಟೆ ಆ ಕಾರಿಗೆ ಮಂಜುದೀಪಗಳನ್ನು ಹಾಕಿಸಿದ್ದೆ. ಜೋಡಿಗೆ 600 ರೂಪಾಯಿ. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳು. ಕೆಲಸಕ್ಕೆ ಸುಲಭವೆಂದು ಅವುಗಳನ್ನು ಬಂಪರಿನ ಮೇಲೆ, ಮುಂದೀಪಗಳ ಮಟ್ಟದಲ್ಲಿಯೇ ಕೂರಿಸಲಾಗಿತ್ತು. ಬೆಳಕು ಹೆಚ್ಚಿದಷ್ಟೂ ಒಳ್ಳೆಯದೆಂದು ನಾನೂ ತಲೆಯಾಡಿಸಿದ್ದೆ. ತರಗತಿಯಲ್ಲಿ ಬೆಳಕಿನ ಚದರುವಿಕೆಯನ್ನು ಪಾಠ ಹೇಳುವವನು ಅಂಗಡಿಯಲ್ಲಿ ಅದನ್ನು ಮರೆತಿದ್ದನು.

ಮಂಜಿನಲ್ಲಿ ಇರುವ ನೀರು ಅತ್ಯಲ್ಪ. ದಟ್ಟವಾದ ಮಂಜಿನ ಒಂದು ಘನಮೀಟರಿನಲ್ಲಿ 0.3 ಗ್ರಾಂ ಎಂದು ಹಿಡಿಯೋಣ. ಆದರೆ ಅಷ್ಟು ನೀರು 10 ಮೈಕ್ರೊಮೀಟರು ವ್ಯಾಸದ ಹನಿಗಳಾಗಿ ಹಂಚಿಹೋದರೆ ಹನಿಗಳ ಸಂಖ್ಯೆ ಸುಮಾರು 57 ಕೋಟಿಯಾಗುತ್ತದೆ! ಪ್ರತಿಯೊಂದು ಹನಿಯೂ ತನ್ನ ಮೇಲೆ ಬಿದ್ದ ಬೆಳಕನ್ನು ದಿಕ್ಕುದಿಕ್ಕಿಗೆ ಚದರಿಸುತ್ತದೆ. ಲೆಕ್ಕ ಹಾಕಿದರೆ, ಇಂತಹ ಮಂಜಿನಲ್ಲಿ 25 ಮೀಟರು ಸಾಗುವಷ್ಟರಲ್ಲಿ ನೇರವಾದ ಬೆಳಕಿನ ಹತ್ತನೆಯ ಒಂದು ಪಾಲು ಮಾತ್ರ ಉಳಿಯುವುದು. ಲಾರಿಗೆ ತಗುಲಿ ಹಿಂದಿರುಗುವಾಗ ಅದರಲ್ಲಿಯೂ ಹತ್ತನೆಯ ಒಂದು ಪಾಲು, ಎಂದರೆ ನೂರರಲ್ಲೊಂದು. ಚದರಿದ ಬೆಳಕಿನ ಒಂದಂಶ ನೇರವಾಗಿ ಚಾಲಕನ ಕಣ್ಣಿಗೇ ಮರಳುತ್ತದೆ. ನಮ್ಮ ಮುಂದೆ ಇಳಿಬಿಟ್ಟಂತೆ ಕಾಣುವ ಬಿಳಿಯ ತೆರೆ ಅದೇ.

ಈಗ ದೀಪವನ್ನು ಇಮ್ಮಡಿ ಪ್ರಖರವಾಗಿ ಮಾಡಿದೆವೆನ್ನೋಣ. ಲಾರಿಯಿಂದ ಬರುವ ಬೆಳಕು ಇಮ್ಮಡಿಯಾಗುತ್ತದೆ, ಸರಿ. ಆದರೆ ತೆರೆಯ ಬೆಳಕೂ ಇಮ್ಮಡಿಯಾಗುತ್ತದೆ. ಕಣ್ಣು ವಸ್ತುವನ್ನು ಗುರುತಿಸುವುದು ಹಿನ್ನೆಲೆಗೂ ಅದಕ್ಕೂ ಇರುವ ತಾರತಮ್ಯದಿಂದ. ಆ ತಾರತಮ್ಯವು ಎಳ್ಳಷ್ಟೂ ಹೆಚ್ಚಲಿಲ್ಲ. ನನ್ನ 600 ರೂಪಾಯಿ ಕೊಂಡುತಂದದ್ದು ಹೆಚ್ಚು ಬೆಳ್ಳಗಿನ ತೆರೆಯನ್ನಷ್ಟೆ.

ಹಳದಿ ಬೆಳಕು ಮಂಜನ್ನು ತೂರಿಹೋಗುವುದೆಂಬ ನಂಬಿಕೆ ಬಹಳ ಹರಡಿದೆ. ಫ್ರಾನ್ಸಿನಲ್ಲಿ 1930ರ ದಶಕದಿಂದ 1993ರವರೆಗೆ ಮೋಟಾರುಗಳ ಮುಂದೀಪಗಳು ಹಳದಿಯಾಗಿರಬೇಕೆಂಬ ಕಟ್ಟಳೆಯೇ ಇದ್ದಿತು. ಆಕಾಶವು ನೀಲಿಯಾಗಿರುವುದಕ್ಕೆ ಕಾರಣವಾದ ರ‍್ಯಾಲೆಯ ನಿಯಮವನ್ನು ಈ ನಂಬಿಕೆಗೆ ಆಧಾರವಾಗಿ ಹೇಳುವುದುಂಟು. ಆದರೆ ಆ ನಿಯಮವು ಬೆಳಕಿನ ಅಲೆಯುದ್ದಕ್ಕಿಂತ ಬಹಳ ಚಿಕ್ಕದಾದ ಕಣಗಳಿಗೆ ಮಾತ್ರ ಅನ್ವಯಿಸುತ್ತದೆ. ಕಾಣುವ ಬೆಳಕಿನ ಅಲೆಯುದ್ದ 0.4ರಿಂದ 0.7 ಮೈಕ್ರೊಮೀಟರು, ಮಂಜಿನ ಹನಿಯಾದರೋ ಅದರ ಹತ್ತಾರು ಪಟ್ಟು ದೊಡ್ಡದು. ಅಂತಹ ಹನಿಗೆ ನೀಲಿಯೂ ಹಳದಿಯೂ ಒಂದೇ. ಮಂಜು ಬೆಳ್ಳಗೆ ಕಾಣುವುದೂ ಅದರಿಂದಲೇ. ನೀಲಿ ಬೆಳಕನ್ನು ಸೋಸಿ ತೆಗೆದರೆ ಕೆಲವರ ಕಣ್ಣಿಗೆ ಹಿತವೆನಿಸಬಹುದು. ಮಂಜಿಗೆ ಅದರ ಪರಿವೆಯಿಲ್ಲ.

ಹಾಗಾದರೆ ಉಪಾಯವೇನು? ಬೆಳಕನ್ನು ಹೆಚ್ಚಿಸುವುದಲ್ಲ, ಬೆಳಕು ಹೋಗುವ ದಾರಿಯನ್ನು ನಮ್ಮ ದೃಷ್ಟಿ ಹೋಗುವ ದಾರಿಯಿಂದ ಬೇರ್ಪಡಿಸುವುದು. ನನ್ನ ಕಾರಿನಲ್ಲಿ ಕುಳಿತಾಗ ಕಣ್ಣಿನ ಎತ್ತರ ನೆಲದಿಂದ 110 ಸೆಂಟಿಮೀಟರು. ದೀಪವು 40 ಸೆಂಟಿಮೀಟರು ಎತ್ತರದಲ್ಲಿದ್ದು, ಅದರ ಬೆಳಕಿನ ಮೇಲಂಚು ಕತ್ತರಿಸಿದಂತೆ ಚಪ್ಪಟೆಯಾಗಿ, ಪ್ರತಿ ಮೀಟರಿಗೆ 2 ಸೆಂಟಿಮೀಟರಿನಂತೆ ಇಳಿಯುತ್ತ ಹೋಗಲಿ. ದೀಪದಿಂದ 15 ಮೀಟರು ಮುಂದೆ ರಸ್ತೆಯ ಮೇಲಿರುವ ಕಲ್ಲೊಂದನ್ನು ನೋಡೋಣ. ಸರಳತೆಗಾಗಿ ಕಣ್ಣು ದೀಪದ ನೇರ ಮೇಲಿದೆಯೆಂದು ಭಾವಿಸಿದರೆ, ದೃಷ್ಟಿರೇಖೆಯು ಸುಮಾರು 13 ಮೀಟರು ದೂರ ಕತ್ತಲೆಯ ಮಂಜಿನಲ್ಲಿಯೇ ಸಾಗಿ, ಕಡೆಯ 2 ಮೀಟರಿನಲ್ಲಿ ಮಾತ್ರ ಬೆಳಗಿದ ಮಂಜನ್ನು ಹೊಗುತ್ತದೆ. ಕತ್ತಲೆಯ ಮಂಜು ಕಲ್ಲಿನಿಂದ ಬರುವ ಬೆಳಕನ್ನು ತಗ್ಗಿಸೀತು, ಆದರೆ ತೆರೆಯನ್ನು ಒಡ್ಡದು. ಮೊದಲಿನ ನನ್ನ ದೀಪಗಳು 65 ಸೆಂಟಿಮೀಟರು ಎತ್ತರದಿಂದ ಮೇಲಕ್ಕೂ ಬೆಳಕು ಚೆಲ್ಲುತ್ತಿದ್ದವು. ಅವುಗಳ ಬೆಳಕು 10 ಡಿಗ್ರಿಯಷ್ಟು ಮೇಲಕ್ಕೆ ಹರಡುತ್ತಿದ್ದರೆ ದೃಷ್ಟಿಯು ಎರಡು ಮೀಟರಿನೊಳಗೇ ತೆರೆಗೆ ಸಿಕ್ಕಿಬೀಳುತ್ತದೆ. ಹತ್ತಿರದ ಮಂಜೇ ಅತಿ ಹೆಚ್ಚು ಬೆಳಗುವುದರಿಂದ ಆ ಮೊದಲ ಮೀಟರುಗಳೇ ಎಲ್ಲವನ್ನೂ ಕೆಡಿಸುತ್ತವೆ. ಮಂಜಿನಲ್ಲಿ ಮುಂದೀಪದ ದೂರದ ಬೆಳಕನ್ನು ಹಾಕಬಾರದೆಂಬುದಕ್ಕೂ ಇದೇ ಕಾರಣ.

ಆದುದರಿಂದ ದೀಪವನ್ನು ಕೊಳ್ಳುವಾಗ ನೋಡಬೇಕಾದುದು ವ್ಯಾಟನ್ನಲ್ಲ, ಮೇಲಂಚನ್ನು. ಪರೀಕ್ಷೆಗೆ ಖರ್ಚಿಲ್ಲ. ಸಮತಟ್ಟಾದ ನೆಲದಲ್ಲಿ ಗೋಡೆಯಿಂದ 5 ಮೀಟರು ದೂರಕ್ಕೆ ಕಾರನ್ನು ನಿಲ್ಲಿಸಿ, ದೀಪದ ನಡುಮಟ್ಟವನ್ನು ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಮಾಡಬೇಕು. ಕತ್ತಲಾದ ಮೇಲೆ ದೀಪ ಹಚ್ಚಿದರೆ ಬೆಳಕು ಅಗಲವಾದ ಪಟ್ಟಿಯಂತೆ ಬಿದ್ದು, ಅದರ ಮೇಲಂಚು ಗುರುತಿಗಿಂತ 10 ಸೆಂಟಿಮೀಟರು ಕೆಳಗಿರಬೇಕು. ಬೆಳಕು ದುಂಡಗೆ ಹರಡಿ ಗೋಡೆಯ ತುದಿಯನ್ನೂ ಬೆಳಗಿದರೆ ಆ ದೀಪವನ್ನು ಎಷ್ಟು ಬಾಗಿಸಿದರೂ ಪ್ರಯೋಜನವಿಲ್ಲ. ನನ್ನ ಜೋಡಿ ಇದರಲ್ಲಿ ತೇರ್ಗಡೆಯಾಗಲಿಲ್ಲ. ಅವು ಈಗ ತೋಟದ ಪಂಪಿನ ಮನೆಯಲ್ಲಿವೆ. ಅಲ್ಲಿ ಬಲು ಉಪಯುಕ್ತ.

ಬದಲಿಗೆ ತಂದವು 55 ವ್ಯಾಟಿನ ಹ್ಯಾಲೊಜನ್ ಬಲ್ಬಿನವು. ಅವುಗಳ ಬೆಲೆಯೂ ಹೆಚ್ಚಲ್ಲ. ಹಳೆಯ ಕಾರಿನಲ್ಲಿ ಜಾಗರೂಕತೆ ಬೇಕಾದುದು ತಂತಿಯ ವಿಷಯದಲ್ಲಿ. ಎರಡು ದೀಪಕ್ಕೆ 110 ವ್ಯಾಟ್; 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್. ಪೆಟ್ಟಿಗೆಯಲ್ಲಿ ಕೊಟ್ಟಿದ್ದ 0.5 ಚದರ ಮಿಲಿಮೀಟರಿನ ತಂತಿಯನ್ನು 5 ಮೀಟರು ಎಳೆದರೆ ಅದರ ರೋಧ 0.17 ಓಮ್, ತಂತಿಯಲ್ಲಿಯೇ ಒಂದೂವರೆ ವೋಲ್ಟು ನಷ್ಟ. ಬಲ್ಬಿನ ಬೆಳಕು ವೋಲ್ಟಿನ ಸುಮಾರು 3.4ನೆಯ ಘಾತದಂತೆ ಏರಿಳಿಯುವುದರಿಂದ, ಅಷ್ಟಕ್ಕೇ ಬೆಳಕಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಹೋಗಿಬಿಡುತ್ತದೆ, ತಂತಿಯೂ ಕಾಯುತ್ತದೆ. ನಾನು 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಬಳಸಿದೆ.

ಇಷ್ಟು ಪ್ರವಾಹವನ್ನು ಒಳಗಿನ ಚಿಕ್ಕ ಸ್ವಿಚ್ಚಿನ ಮೂಲಕ ಹಾಯಿಸಬಾರದು. ಅದಕ್ಕಾಗಿ ರಿಲೇ ಬೇಕು. ಅದರೊಳಗಿನ ಪುಟ್ಟ ವಿದ್ಯುತ್‌ಕಾಂತವು ಒಂದು ಆಂಪಿಯರಿನ ಸಣ್ಣ ಅಂಶದಿಂದಲೇ ದೊಡ್ಡ ಪ್ರವಾಹದ ಕದವನ್ನು ತೆರೆಯುತ್ತದೆ. ಬ್ಯಾಟರಿಯ ಧನಾಗ್ರದಿಂದ ಬರುವ ತಂತಿ 30ನೆಯ ತುದಿಗೆ, 87ರಿಂದ ದೀಪಗಳಿಗೆ. ಸ್ವಿಚ್ಚಿನ ತಂತಿಯೂ ನೆಲತಂತಿಯೂ 86 ಮತ್ತು 85ಕ್ಕೆ. 15 ಆಂಪಿಯರಿನ ಫ್ಯೂಸು ಬ್ಯಾಟರಿಗೆ ಆದಷ್ಟು ಸಮೀಪದಲ್ಲಿರಬೇಕು. ಏಕೆಂದರೆ ಫ್ಯೂಸಿಗಿಂತ ಮೊದಲಿನ ತಂತಿಯು ತಗಡಿಗೆ ಉಜ್ಜಿ ತಾಗಿದರೆ ಬೆಂಕಿಯನ್ನು ತಡೆಯುವವರಿಲ್ಲ. ಇನ್ನು ನೆಲತಂತಿ: ಹಳೆಯ ಕಾರಿನ ತುಕ್ಕಿನ ಮೇಲೆ ಬಿಗಿದರೆ 0.1 ಓಮ್ ರೋಧವೇ ಸುಮಾರು ಒಂದು ವೋಲ್ಟನ್ನು ನುಂಗುತ್ತದೆ. ಉಪ್ಪುಕಾಗದದಿಂದ ಲೋಹ ಹೊಳೆಯುವ ತನಕ ತಿಕ್ಕಿ, ಬಿಗಿದು, ಮೇಲೆ ಗ್ರೀಸು ಸವರಿದೆ.

ಮುಂದಿನ ತಿಂಗಳು ಅದೇ ಘಾಟಿಯನ್ನು ಅದೇ ಹೊತ್ತಿನಲ್ಲಿ ಇಳಿದೆ. ಮಂಜು ಹಿಂದಿನಷ್ಟೇ ದಟ್ಟವಾಗಿತ್ತು. ರಸ್ತೆಯ ಎಡಗಡೆಯ ಬಿಳಿಯ ಗೆರೆಯು 15 ಮೀಟರಿನಷ್ಟು ದೂರ ಕಾಣುತ್ತಿತ್ತು. ಒದ್ದೆಯ ರಸ್ತೆಯಲ್ಲಿ, ಬ್ರೇಕನ್ನು ಒತ್ತುವ ಮುಂಚಿನ ಒಂದು ಸೆಕೆಂಡನ್ನೂ ಸೇರಿಸಿ, ಗಂಟೆಗೆ 20 ಕಿಲೋಮೀಟರು ವೇಗದ ಕಾರು ನಿಲ್ಲಲು ಸುಮಾರು 10 ಮೀಟರು ಸಾಕು. 40 ಕಿಲೋಮೀಟರು ವೇಗವಾದರೆ 27 ಮೀಟರು ಬೇಕು. ನಾನು 20ರಲ್ಲಿಯೇ ಇಳಿದೆ. ಹಿಂದೆ ಬಂದ ಬಸ್ಸಿನವನು ಒಂದೇ ಸಮನೆ ಹಾರನ್ ಹೊಡೆಯುತ್ತಿದ್ದನು.