ವಸತಿಗೃಹಕ್ಕೆ ಸೇರಿಸುವ ಮುನ್ನ, ಸೇರಿಸಿದ ಮೇಲೆ

‘ನಾವು ಹೋದ ಮ್ಯಾಲ ಇವ್ನ ಯಾರ ನೋಡ್ತಾರ್ರೀ?’ ಬೌದ್ಧಿಕ ಅಂಗವೈಕಲ್ಯ ಇರುವವರ ತಂದೆ-ತಾಯಿ ಬೆಳಗಾವಿ ಜಿಲ್ಲೆಯ ಏಕಸಂಬಿಯಲ್ಲಿ ಕೇಳುವುದೂ ಇದನ್ನೇ, ಅಥಣಿ-ಕಾಗವಾಡದಲ್ಲಿ ಕೇಳುವುದೂ ಇದನ್ನೇ. ಮಗನಿಗೆ ಮೂವತ್ತು ದಾಟಿರುತ್ತದೆ, ತಾಯಿಗೆ ಅವನನ್ನು ಎತ್ತಿ ಕೂರಿಸುವ ಶಕ್ತಿ ಇರುವುದಿಲ್ಲ, ಒಡಹುಟ್ಟಿದವರು ಪುಣೆಯಲ್ಲೋ ಇಚಲಕರಂಜಿಯಲ್ಲೋ ದುಡಿಯುತ್ತಿರುತ್ತಾರೆ. ಆಗ ಯಾರಾದರೂ ಬೆಳಗಾವಿ, ಮಿರಜ ಅಥವಾ ಕೊಲ್ಹಾಪುರ ಕಡೆಯ ಒಂದು ವಸತಿಗೃಹದ ವಿಳಾಸ ಕೊಡುತ್ತಾರೆ. ಸೇರಿಸುವುದರಲ್ಲಿ ತಪ್ಪಿಲ್ಲ. ಆದರೆ ಸೇರಿಸಿದ ಮೇಲೆ ತಮಗೆ ಕೇಳುವ ಹಕ್ಕಿಲ್ಲ, ಕೇಳಿದರೆ ‘ಕರಕೊಂಡು ಹೋಗ್ರಿ’ ಅಂದುಬಿಡುತ್ತಾರೆ ಎಂಬ ಅಂಜಿಕೆ ಬಹಳ ಮನೆಗಳಲ್ಲಿದೆ. ಈ ಅಂಜಿಕೆಯೇ ಒಳಗಿರುವವರಿಗೆ ಎಲ್ಲಕ್ಕಿಂತ ದೊಡ್ಡ ಅಪಾಯ.

ದೆಹಲಿಯ ರೋಹಿಣಿಯಲ್ಲಿರುವ ‘ಆಶಾ ಕಿರಣ’ ಸರ್ಕಾರವೇ ನಡೆಸುವ ಗೃಹ. ಅಲ್ಲಿ 2024ರ ಜುಲೈ ತಿಂಗಳೊಂದರಲ್ಲೇ ಹತ್ತಕ್ಕೂ ಹೆಚ್ಚು ನಿವಾಸಿಗಳು ಸತ್ತರು. ಇಂಥ ಗೃಹಗಳ ಸ್ಥಿತಿಗತಿಯನ್ನು ದೇಶದಾದ್ಯಂತ ಪರಿಶೀಲಿಸುವ ಕೆಲಸವನ್ನು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕಾನೂನು ವಿಶ್ವವಿದ್ಯಾಲಯಗಳಿಗೆ ವಹಿಸಿತು. ಆ ಪರಿಶೀಲನೆ ನಿಮ್ಮ ಮಗನಿರುವ ಕೋಣೆಯವರೆಗೆ ಬರಲಿ ಎಂದು ಕಾಯಬೇಕಾಗಿಲ್ಲ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಪ್ರಕಾರ ಖಾಸಗಿ ಸಂಸ್ಥೆ ಯಾವುದೇ ಇರಲಿ, ನೋಂದಣಿ ಇಲ್ಲದೆ ಇಂಥ ಗೃಹ ನಡೆಸುವಂತಿಲ್ಲ. ನೋಂದಣಿ ಪ್ರಮಾಣಪತ್ರವನ್ನು ಎದ್ದು ಕಾಣುವ ಜಾಗದಲ್ಲಿ ತೂಗುಹಾಕಿರಬೇಕು. ಅದನ್ನು ಓದಿ, ಅವಧಿ ಮುಗಿದಿದೆಯೇ ನೋಡಿ, ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಗೃಹದಲ್ಲಿ ಹದಿನೆಂಟರೊಳಗಿನ ಮಕ್ಕಳೂ ಇದ್ದರೆ ಬಾಲನ್ಯಾಯ ಕಾಯ್ದೆಯ ನೋಂದಣಿಯೂ ಬೇಕಾಗಬಹುದು; ಅದನ್ನೂ ಕೇಳಿ. ಗೃಹ ಗಡಿಯಾಚೆ ಇದ್ದರೆ ಮಹಾರಾಷ್ಟ್ರ ಸರ್ಕಾರದ ನೋಂದಣಿ ನೋಡಬೇಕು. ಅಧಿನಿಯಮ ಮಾತ್ರ ಎರಡೂ ಕಡೆ ಒಂದೇ.

ಪ್ರಮಾಣಪತ್ರ ಸರಿಯಿದ್ದ ಮಾತ್ರಕ್ಕೆ ಗೃಹ ಸರಿಯಿದೆ ಎಂದು ನಂಬಬೇಡಿ. ಹೇಳದೆ ಹೋಗಿ, ಅದೂ ಊಟದ ಹೊತ್ತಿಗೆ. ತಟ್ಟೆಯಲ್ಲಿ ಏನಿದೆ, ತಾನೇ ಉಣ್ಣಲಾಗದವರಿಗೆ ಯಾರು ಉಣಿಸುತ್ತಿದ್ದಾರೆ ನೋಡಿ. ಔಷಧಿ ಪಟ್ಟಿ ಕೇಳಿ: ಯಾವ ಗುಳಿಗೆ, ಯಾವ ಡಾಕ್ಟರ್ ಬರೆದದ್ದು, ಯಾವತ್ತು. ಮೊದಲು ಲವಲವಿಕೆಯಿಂದ ಇದ್ದವನು ಈಗ ಸದಾ ಮಂಪರಿನಲ್ಲಿದ್ದರೆ ಆ ಪಟ್ಟಿಯನ್ನು ಬೇರೆ ವೈದ್ಯರಿಗೆ ತೋರಿಸಿ. ಬಚ್ಚಲಿನ ಚಿಲಕ ಒಳಗಿನಿಂದ ಹಾಕಿಕೊಳ್ಳಲು ಬರುತ್ತದೆಯೇ? ಹೆಣ್ಣುಮಕ್ಕಳಿಗೆ ಸ್ನಾನ ಮಾಡಿಸುವವರು ಹೆಂಗಸರೇ? ರಾತ್ರಿ ಎಷ್ಟು ಮಂದಿ ಎಚ್ಚರ ಇರುತ್ತಾರೆ? ಮಾತು ಬಾರದವರು ತಾವಾಗಿ ದೂರು ಹೇಳುವುದಿಲ್ಲ. ಕೈ ಎತ್ತಿದರೆ ಬೆಚ್ಚುವುದು, ಒಬ್ಬ ಸಿಬ್ಬಂದಿಯನ್ನು ಕಂಡ ಕೂಡಲೇ ಮುದುಡುವುದು, ಮಣಿಕಟ್ಟಿನ ಮೇಲೆ ಹಗ್ಗದ ಗುರುತು, ಇವೇ ಅವರ ದೂರು. ಭೇಟಿಗೆ ಬಿಡದ, ‘ಆಫೀಸಿನೊಳಗೇ ಕೂತು ಮಾತಾಡ್ರಿ’ ಎನ್ನುವ ಗೃಹಕ್ಕೆ ನಾನಾದರೆ ನನ್ನವರನ್ನು ಸೇರಿಸಲಾರೆ.

ಇನ್ನು ದೂರು. ದೌರ್ಜನ್ಯ, ಹಿಂಸೆ, ಶೋಷಣೆ ನಡೆದಿದೆ ಅಥವಾ ನಡೆಯುವಂತಿದೆ ಎಂದು ನಂಬಲು ಕಾರಣವಿದ್ದರೆ ಯಾರು ಬೇಕಾದರೂ ಆ ಸ್ಥಳದ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ತಿಳಿಸಬಹುದು ಎನ್ನುತ್ತದೆ ಅಧಿನಿಯಮದ ಕಲಂ 7. ನಮ್ಮಲ್ಲಿ ಹಾಗೆಂದರೆ ತಹಶೀಲ್ದಾರರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ಕಡೆ ಅವರ ಕಚೇರಿ ಇದೆ. ಗೃಹ ಈ ತಾಲೂಕುಗಳಲ್ಲಿದ್ದರೆ ಬೆಳಗಾವಿಗೆ ಓಡುವ ಅಗತ್ಯವಿಲ್ಲ; ಬೇರೆಡೆ ಇದ್ದರೆ ಆ ಸ್ಥಳದ ದಂಡಾಧಿಕಾರಿಗೆ ತಿಳಿಸಬೇಕು. ನೀವು ರಕ್ತಸಂಬಂಧಿಯೇ ಆಗಬೇಕೆಂದೂ ಇಲ್ಲ. ನೆರೆಯವರು, ಶಿಕ್ಷಕರು, ಅಲ್ಲೇ ಅಡುಗೆ ಮಾಡುವವರು ಕೂಡ ಕೊಡಬಹುದು. ಮಾಹಿತಿ ಬಂದ ಮೇಲೆ ತಹಶೀಲ್ದಾರರು ಹಿಂಸೆ ನಿಲ್ಲಿಸಲು ಕೂಡಲೇ ಕ್ರಮ ಕೈಗೊಳ್ಳಬೇಕು. ರಕ್ಷಣೆಗೆ, ಸುರಕ್ಷಿತ ಆಶ್ರಯಕ್ಕೆ, ಜೀವನಾಂಶಕ್ಕೆ ಆದೇಶ ಮಾಡಬಹುದು. ಅರ್ಜಿಯಲ್ಲಿ ದಿನ, ವೇಳೆ, ಕಂಡದ್ದು ಇಷ್ಟನ್ನೇ ಬರೆದು, ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳಿ.

ಪೊಲೀಸ್ ಠಾಣೆಗೆ ಹೋದರೆ, ತಹಶೀಲ್ದಾರರಲ್ಲಿ ರಕ್ಷಣೆ ಕೋರುವ ಹಕ್ಕು ನಿಮಗಿದೆ, ಉಚಿತ ಕಾನೂನು ನೆರವು ಸಿಗುತ್ತದೆ ಎಂದು ಪೊಲೀಸರೇ ತಿಳಿಸಬೇಕು. ತಮ್ಮ ಸುಪರ್ದಿಯಲ್ಲಿರುವ ಅಂಗವಿಕಲರಿಗೆ ಬೇಕೆಂದೇ ಅನ್ನ-ನೀರು ಕೊಡದಿರುವುದು, ಅವಮಾನಿಸಲೆಂದು ಹೊಡೆಯುವುದು, ಮಹಿಳೆಯರನ್ನು, ಮಕ್ಕಳನ್ನು ಲೈಂಗಿಕವಾಗಿ ಶೋಷಿಸುವುದು ಕಲಂ 92ರಡಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಮತ್ತು ದಂಡದ ಅಪರಾಧ. ಲೈಂಗಿಕ ಅಪರಾಧವಾಗಿದ್ದರೆ ಸಂತ್ರಸ್ತೆಯನ್ನು ಠಾಣೆಗೆ ಕರೆದೊಯ್ಯಬೇಕಿಲ್ಲ. ಅವಳಿರುವಲ್ಲಿಯೇ, ವಿಶೇಷ ಶಿಕ್ಷಕರ ಅಥವಾ ಭಾಷಾಂತರಕಾರರ ಎದುರಿನಲ್ಲಿ ಹೇಳಿಕೆ ಪಡೆದು ವಿಡಿಯೊ ಮಾಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173 ಹೇಳುತ್ತದೆ. ವಕೀಲರ ಖರ್ಚಿಗೆ ಹೆದರಬೇಡಿ. ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ದೂರು ಕೊಟ್ಟರೆ ಗೃಹ ಮುಚ್ಚಿ ಮಗ ಬೀದಿಗೆ ಬೀಳುತ್ತಾನೆಂಬ ಭಯಕ್ಕೂ ಅಧಿನಿಯಮದಲ್ಲೇ ಉತ್ತರವಿದೆ: ನೋಂದಣಿ ರದ್ದಾದರೆ ಅಲ್ಲಿರುವವರನ್ನು ಮನೆಯವರಿಗೆ ಒಪ್ಪಿಸಲು ಅಥವಾ ಬೇರೆ ಸಂಸ್ಥೆಗೆ ಕಳಿಸಲು ಪ್ರಾಧಿಕಾರ ನಿರ್ದೇಶನ ಕೊಡಬಹುದು.

ಆಸ್ತಿಯ ಮಾತು ಬೇರೆಯದೇ ತೂಕದ್ದು. ‘ಜೀವನಪರ್ಯಂತ ನೋಡಿಕೊಳ್ಳುತ್ತೇವೆ, ಹೊಲ ಬರೆದುಕೊಡಿ’ ಎನ್ನುವವರು ಸಿಗುತ್ತಾರೆ, ಸಂಬಂಧಿಕರಲ್ಲೂ ಸಿಗುತ್ತಾರೆ. ಅಂಗವಿಕಲ ವ್ಯಕ್ತಿಗೆ ಆಸ್ತಿ ಹೊಂದುವ ಹಕ್ಕು ಎಲ್ಲರಂತೆಯೇ ಇದೆ. ನೆರವು ಕೊಡುವವರ ಸ್ವಂತ ಲಾಭ ಆ ವ್ಯವಹಾರದಲ್ಲಿದ್ದರೆ ಅವರು ಅದರಿಂದ ದೂರ ಸರಿಯಬೇಕು ಎಂದು ಅದೇ ಅಧಿನಿಯಮದ ಕಲಂ 13 ಹೇಳುತ್ತದೆ. ಮಗನ ಹೆಬ್ಬೆಟ್ಟು ಒತ್ತಿಸುವ ಮೊದಲು ಕಾಗದವನ್ನು ವಕೀಲರಿಗೆ ತೋರಿಸಿ.

ಹದಿನೆಂಟು ತುಂಬಿದ ಮೇಲೆ ತಂದೆ-ತಾಯಿಯೂ ತಾವಾಗಿಯೇ ಕಾನೂನುಬದ್ಧ ಪೋಷಕರಾಗಿ ಮುಂದುವರಿಯುವುದಿಲ್ಲ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಆಟಿಸಂ, ಮೆದುಳಿನ ಪಾರ್ಶ್ವವಾಯು, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ರಾಷ್ಟ್ರೀಯ ನ್ಯಾಸ ಅಧಿನಿಯಮ, 1999ರಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿ ಪೋಷಕರನ್ನು ನೇಮಿಸುತ್ತದೆ. ಪೋಷಕರು ಯಾರಾಗಬೇಕೆಂದು ತಂದೆ-ತಾಯಿ ತಾವೇ ಸೂಚಿಸಬಹುದು. ಇದನ್ನು ಬದುಕಿರುವಾಗಲೇ ಮಾಡಿಸಿ. ತೀರಿಕೊಂಡ ಮೇಲೆ ಮಾತು ದಾಯಾದಿಗಳ ಬಾಯಿಗೆ ಹೋಗುತ್ತದೆ. ನೇಮಕವಾದವರು ಆರು ತಿಂಗಳಲ್ಲಿ ಆಸ್ತಿಪಟ್ಟಿ, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳಲ್ಲಿ ಲೆಕ್ಕ ಕೊಡಬೇಕು. ಹಣ ನುಂಗಿದರೆ, ನಿರ್ಲಕ್ಷ್ಯ ಮಾಡಿದರೆ ಸಂಬಂಧಿಕರ ಅರ್ಜಿಯ ಮೇಲೆ ಸಮಿತಿ ಅವರನ್ನು ತೆಗೆದುಹಾಕಬಹುದು. ಅರ್ಜಿಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ (ವಿ.ಆರ್.ಡಬ್ಲ್ಯೂ) ಅಥವಾ ತಾಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರ (ಎಂ.ಆರ್.ಡಬ್ಲ್ಯೂ) ಸಹಾಯ ಕೇಳಿ. ಅದೇ ಭೇಟಿಯಲ್ಲಿ ಒಂದು ಲಕ್ಷ ರೂಪಾಯಿವರೆಗಿನ ‘ನಿರಾಮಯ’ ಆರೋಗ್ಯ ವಿಮೆಯ ಬಗ್ಗೆಯೂ ವಿಚಾರಿಸಿ.

ನದಿದಂಡೆಯವರಿಗೆ ಇನ್ನೊಂದು ಮಾತು. 2019ರ ಆಗಸ್ಟ್, 2021ರ ಜುಲೈನಲ್ಲಿ ಆದಂತೆ ಕೃಷ್ಣಾ, ದೂಧಗಂಗಾ, ವೇದಗಂಗಾ ಊರೊಳಗೆ ನುಗ್ಗಿದಾಗ ಗಾಬರಿಯಾಗಿ ಮನೆ ಬಿಟ್ಟು ಬರಲೊಲ್ಲದವರನ್ನು ಹೊರತರಲು ಮನೆಯವರೇ ಹೆಣಗಬೇಕಾಗುತ್ತದೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಜಿಲ್ಲೆಯ ಅಂಗವಿಕಲರ ವಿವರ ಇಟ್ಟುಕೊಂಡಿರಬೇಕೆಂದು ಅಂಗವಿಕಲರ ಹಕ್ಕುಗಳ ಅಧಿನಿಯಮದ ಕಲಂ 8 ವಿಧಿಸುತ್ತದೆ. ಮುಂಗಾರಿಗೆ ಮೊದಲೇ ಅಂಗವಿಕಲರ ವಿಶಿಷ್ಟ ಗುರುತಿನ (ಯು.ಡಿ.ಐ.ಡಿ.) ಕಾರ್ಡಿನ ಪ್ರತಿಯೊಂದಿಗೆ ತಹಶೀಲ್ದಾರ್ ಕಚೇರಿಗೆ ಅರ್ಜಿ ಕೊಡಿ. ಅದರಲ್ಲಿ ಮನೆ ಯಾವ ಓಣಿಯಲ್ಲಿದೆ, ನಡೆಯಲು ಬರುತ್ತದೆಯೇ, ಫಿಟ್ಸ್ ಇದೆಯೇ, ಯಾರು ಕರೆದರೆ ಬರುತ್ತಾನೆ ಎಂಬುದನ್ನೂ ಬರೆಯಿರಿ.