ಏನೂ ಆಗದಂತೆ ಒದೆಯುವ ಕಸುಬು

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹತ್ತು ಗಜ ಮುಂದೆ ಸಾಗಲು ತಂಡಕ್ಕೆ ನಾಲ್ಕು ಅವಕಾಶ. ಒಂದೊಂದಕ್ಕೂ ಡೌನ್ ಎಂದು ಹೆಸರು. ಮೂರು ಡೌನ್ ಮುಗಿದರೂ ಹತ್ತು ಗಜ ದಾಟದಿದ್ದರೆ ಸಾಮಾನ್ಯವಾಗಿ ಪಂಟರ್ ಒಳಗೆ ಬರುತ್ತಾನೆ. ಚೆಂಡನ್ನು ಕೈಯಿಂದ ಬಿಟ್ಟು, ಅದು ನೆಲ ಮುಟ್ಟುವ ಮೊದಲೇ ಒದ್ದು, ಎದುರಾಳಿಗೆ ಆದಷ್ಟು ಹಿಂದೆ ಒಪ್ಪಿಸಿ ಹೋಗುತ್ತಾನೆ. ಕಾಲೇಜು ತಂಡದಲ್ಲಿ ಈ ಕೆಲಸ ಮಾಡಿದ ನಾನು ಈಗ ಹೈಸ್ಕೂಲು ಹುಡುಗರಿಗೆ ಅದನ್ನೇ ಕಲಿಸುತ್ತೇನೆ. ವೃತ್ತಿಪರ ಲೀಗಾದ ಎನ್‌ಎಫ್‌ಎಲ್ ಮೇಲೆ ಕಣ್ಣಿಟ್ಟು ಬರುವವರಿಗೆ ನಾನು ಹೇಳುವ ಮಾತುಗಳಿವು.

1. ಗಜಕ್ಕಿಂತ ಮೊದಲು ಗಡಿಯಾರ ನೋಡಿ.
ಚೆಂಡು ಎಷ್ಟು ದೂರ ಹೋಯಿತು ಎಂದು ಹೊಸಬರು ಕೇಳುತ್ತಾರೆ. ನಾನು ನೋಡುವುದು ಅದು ಗಾಳಿಯಲ್ಲಿ ಎಷ್ಟು ಹೊತ್ತು ಇತ್ತು ಎಂಬುದನ್ನು, ಅಂದರೆ ಹ್ಯಾಂಗ್ ಟೈಮನ್ನು. ಚಪ್ಪಟೆಯಾಗಿ 60 ಗಜ ಹಾರಿದ ಚೆಂಡು ಬೇಗ ಇಳಿದುಬಿಟ್ಟರೆ, ಹಿಡಿದವನ ಮುಂದೆ ಬಯಲೋ ಬಯಲು. 45 ಗಜವೇ ಹೋಗಿ ನಾಲ್ಕೂವರೆ ಸೆಕೆಂಡು ಮೇಲಿದ್ದರೆ, ಅಂಚುಗಳಿಂದ ಓಡುವ ನಮ್ಮ ಗನ್ನರ್‌ಗಳು ಅಷ್ಟರಲ್ಲಿ ಅವನೆದುರು ನಿಂತಿರುತ್ತಾರೆ. ಅವನು ಕೈ ಬೀಸಿ ಫೇರ್ ಕ್ಯಾಚ್ ಕೇಳುತ್ತಾನೆ, ಆಟ ಅಲ್ಲಿಗೇ ನಿಲ್ಲುತ್ತದೆ. ಏನೂ ಆಗಲಿಲ್ಲ ಎಂದರೆ ನಿಮ್ಮ ಕೆಲಸ ಆಯಿತು. ತಂಡಗಳು ಲೆಕ್ಕ ಇಡುವುದೂ ನೆಟ್ ಗಜವನ್ನು: ಎದುರಾಳಿ ಚೆಂಡು ಹಿಡಿದು ಓಡಿದ ದೂರ ಕಳೆಯಬೇಕು, ಚೆಂಡು ಗೋಲ್ ಲೈನ್ ದಾಟಿ ಎಂಡ್ ಝೋನ್ ಸೇರಿ ಸತ್ತರೆ 20 ಗಜ ಕಳೆಯಬೇಕು.

2. ಪಂಟ್ ಕೆಡುವುದು ಕೈಯಲ್ಲಿ.
ಎರಡೂ ತುದಿ ಚೂಪಾದ ಚೆಂಡು ಇದು. ಬಿಡುವಾಗ ಮೂತಿ ಬೆರಳಗಲ ತಿರುಗಿದರೂ ಪಾದದ ಮೇಲೆ ತಪ್ಪು ಜಾಗಕ್ಕೆ ಬೀಳುತ್ತದೆ. ಆಮೇಲೆ ಎಷ್ಟು ಬಲವಿದ್ದರೂ ವ್ಯರ್ಥ. ಎತ್ತಿ ಹಾಕಬೇಡಿ, ತಳ್ಳಬೇಡಿ. ಚೆಂಡಿನ ಕೆಳಗಿನಿಂದ ಕೈ ಸರಿದರೆ ಸಾಕು. ನನ್ನ ಹುಡುಗರು ಒದೆಯದೆ ಬರೀ ಚೆಂಡು ಬಿಡುವುದನ್ನೇ ಅಭ್ಯಾಸ ಮಾಡುತ್ತಾರೆ. ನೆಲಕ್ಕೆ ಬಡಿದು ಅದು ಪುಟಿಯುವ ದಿಕ್ಕು ನೋಡಿದರೆ ಹೇಗೆ ಬಿಟ್ಟರೆಂದು ತಿಳಿಯುತ್ತದೆ. ಪಂದ್ಯದಲ್ಲಿ ಚೆಂಡನ್ನು ಹಿಂದಕ್ಕೆ ಪಂಟರ್‌ಗೆ ಎಸೆಯುವ ಸ್ನ್ಯಾಪ್‌ನಿಂದ ಒದೆತದವರೆಗೆ ಸಿಗುವುದು ಸುಮಾರು ಎರಡು ಸೆಕೆಂಡು. ಅಷ್ಟರಲ್ಲಿ ಯೋಚಿಸಲು ಬಿಡುವಿಲ್ಲ.

3. ಕಾಲಿನ ಬಲ ಇಳಿಯುತ್ತದೆ, ಗುರಿ ಉಳಿಯುತ್ತದೆ.
ಪಂಟರ್ ಜೆಫ್ ಫೀಗಲ್ಸ್ ಅವರನ್ನು 1988ರಲ್ಲಿ ಯಾವ ತಂಡವೂ ಕಾಲೇಜು ಆಟಗಾರರನ್ನು ಹಂಚಿಕೊಳ್ಳುವ ಡ್ರಾಫ್ಟ್‌ನಲ್ಲಿ ಆರಿಸಲಿಲ್ಲ. ಆದರೂ 22 ಋತು ಆಡಿದರು, ಒಂದೂ ತಪ್ಪಿಸದೆ ಸತತ 352 ಪಂದ್ಯ. 41ನೇ ವಯಸ್ಸಿನಲ್ಲಿ ನ್ಯೂಯಾರ್ಕ್ ಜೈಂಟ್ಸ್ ಜೊತೆ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದರು. ಅವರಿಗಿಂತ ದೂರ ಒದೆಯುವವರು ಬಹಳ ಮಂದಿ ಇದ್ದರು. ಫೀಗಲ್ಸ್ ಅವರ ವಿದ್ಯೆ ಎದುರಾಳಿಯ ಗೋಲ್ ಲೈನ್ ಹತ್ತಿರ, ಅಂಚುಗೆರೆಯ ಆಚೆ ಚೆಂಡು ಬೀಳಿಸುವುದು. ಹೊರಗೆ ಹೋದ ಚೆಂಡನ್ನು ಹಿಡಿದು ಓಡಲು ಯಾರಿಗೂ ಸಾಧ್ಯವಿಲ್ಲ.

4. ಗಾಳಿಗೆ ಎದುರಾಗಿ ಒದೆಯುವಾಗ ಚೆಂಡು ಕೆಳಗಿರಲಿ.
ಕೈಗೂ ಪಾದಕ್ಕೂ ನಡುವೆ ಅಂತರ ಕಡಿಮೆಯಾದಷ್ಟೂ ಗಾಳಿಗೆ ಅವಕಾಶ ಕಡಿಮೆ. 1986ರ ಜನವರಿಯಲ್ಲಿ ಶಿಕಾಗೊದ ಸೋಲ್ಜರ್ ಫೀಲ್ಡ್‌ನಲ್ಲಿ ಜೈಂಟ್ಸ್ ಪಂಟರ್ ಶಾನ್ ಲಂಡೆಟಾ ಬಿಟ್ಟ ಚೆಂಡನ್ನು ಗಾಳಿ ಸರಿಸಿತು. ಪಾದಕ್ಕೆ ಸವರಿ ಉರುಳಿದ ಚೆಂಡನ್ನು ಎದುರಾಳಿ ಎತ್ತಿಕೊಂಡು ಐದು ಗಜ ದಾಟಿ ಟಚ್‌ಡೌನ್ ಮಾಡಿದ. ಪ್ಲೇಆಫ್ ಪಂದ್ಯ, ದೇಶವೆಲ್ಲ ನೋಡುತ್ತಿತ್ತು. ಮರುವರ್ಷ ಅದೇ ಲಂಡೆಟಾ ಸೂಪರ್ ಬೌಲ್ ಗೆದ್ದ ತಂಡದಲ್ಲಿದ್ದರು, 2005ರವರೆಗೂ ಒದ್ದರು. ಈ ಕಸುಬಿನಲ್ಲಿ ಬಾಳಬೇಕಾದರೆ ಹಿಂದಿನ ಒದೆತವನ್ನು ಬೆಂಚಿಗೆ ಬರುವಷ್ಟರಲ್ಲಿ ಬಿಡಬೇಕು.

5. ಕೋಚ್ ಹೇಳಿದ ಕಡೆಗೇ ಒದೆಯಿರಿ.
2010ರ ಡಿಸೆಂಬರ್ 19. ಜೈಂಟ್ಸ್ ಮತ್ತು ಫಿಲಡೆಲ್ಫಿಯಾ ಈಗಲ್ಸ್ 31-31ರ ಸಮ, ಉಳಿದಿದ್ದು ಕೆಲವೇ ಸೆಕೆಂಡು. ಜೈಂಟ್ಸ್ ತಂಡದ ಹೊಸ ಪಂಟರ್ ಮ್ಯಾಟ್ ಡಾಡ್ಜ್‌ಗೆ ಇದ್ದ ಆದೇಶ ಚೆಂಡನ್ನು ಅಂಚಿನಾಚೆ ಕಳಿಸು ಎಂದು. ಸ್ನ್ಯಾಪ್ ಎತ್ತರವಾಗಿ ಬಂತು, ಒದೆತ ನೇರ ಹೋಯಿತು. ಈಗಲ್ಸ್ ತಂಡದ ಡಿಶಾನ್ ಜಾಕ್ಸನ್ ಚೆಂಡು ಹಿಡಿದು 65 ಗಜ ಓಡಿ ಪಂದ್ಯ ಮುಗಿಸಿದ. ಕೊನೆಯ ಎಂಟು ನಿಮಿಷಗಳಲ್ಲಿ ಜೈಂಟ್ಸ್ ಕೈಚೆಲ್ಲಿದ್ದು 28 ಅಂಕ. ಜನರ ಬಾಯಲ್ಲಿ ಉಳಿದದ್ದು ಪಂಟರ್ ಹೆಸರು. ಇದು ನ್ಯಾಯವಲ್ಲ, ಆದರೆ ಸಂಬಳದ ಜೊತೆಗೇ ಬರುವ ಮಾತು.

6. ಇನ್ನೊಂದು ಕೆಲಸ ಕೈಯಲ್ಲಿರಲಿ.
ಫೀಲ್ಡ್ ಗೋಲ್ ಒದೆಯುವಾಗ ಚೆಂಡನ್ನು ನೆಲಕ್ಕೆ ಊರಿ ಹಿಡಿಯುವವನು ಹೆಚ್ಚಿನ ತಂಡಗಳಲ್ಲಿ ಪಂಟರೇ. ಇಬ್ಬರು ಪಂಟರ್‌ಗಳ ಕಾಲೂ ಸಮವಾಗಿದ್ದರೆ, ಚೆನ್ನಾಗಿ ಹಿಡಿಯುವವನಿಗೆ ಕೆಲಸ ಸಿಗುತ್ತದೆ. ಹೈಸ್ಕೂಲಿನಲ್ಲಿ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಆಗಿದ್ದ ಜಾನಿ ಹೆಕರ್, ರ‍್ಯಾಮ್ಸ್ ತಂಡದಲ್ಲಿ ಒದೆಯುವಂತೆ ನಟಿಸಿ ಪಾಸ್ ಎಸೆಯುತ್ತಿದ್ದರು. ಆ ಭಯಕ್ಕೆ ಎದುರಾಳಿಗಳು ಮುನ್ನುಗ್ಗಲು ಹಿಂಜರಿದರೆ ಒದೆಯುವುದೂ ಸಲೀಸು.

7. ಹೊರಗಿನವರಿಂದ ಕಲಿಯಿರಿ.
ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಆಡಿ ಬಂದ ಡ್ಯಾರೆನ್ ಬೆನೆಟ್ 1995ರಲ್ಲಿ ಸ್ಯಾನ್ ಡಿಯಾಗೊ ತಂಡದ ಪರ ಆಡತೊಡಗಿದರು. ಅವರು ತಂದ ಡ್ರಾಪ್ ಪಂಟ್‌ನಲ್ಲಿ ಚೆಂಡು ತುದಿಯ ಮೇಲೆ ತುದಿಯಾಗಿ ಹಿಮ್ಮುಖ ಸುತ್ತುತ್ತದೆ. ಬಿದ್ದ ಮೇಲೆ ಮುಂದೆ ಓಡದೆ ಗೋಲ್ ಲೈನಿನ ಈಚೆಯೇ ನಿಲ್ಲುವ ಸಂಭವ ಹೆಚ್ಚು. ಅದನ್ನು ತಮಾಷೆ ಎಂದವರಿದ್ದರು. ಇಂದು ಕಾಲೇಜು ತಂಡಗಳು ಮೆಲ್ಬರ್ನ್‌ನಿಂದ ಪಂಟರ್‌ಗಳನ್ನು ಕರೆತರುತ್ತಿವೆ.

8. ಇರುವುದು 32 ಕೆಲಸ.
ತಂಡಗಳು 32, ತಂಡಕ್ಕೆ ಒಬ್ಬನೇ ಪಂಟರ್. 1973ರಲ್ಲಿ ಓಕ್ಲೆಂಡ್ ರೇಡರ್ಸ್ ಮೊದಲ ಸುತ್ತಿನಲ್ಲೇ ಆರಿಸಿಕೊಂಡ ರೇ ಗೈ ಅಂಥವರೂ ಹಾಲ್ ಆಫ್ ಫೇಮ್ ಸೇರಲು 2014 ಬರಬೇಕಾಯಿತು. ಬರೀ ಪಂಟರ್ ಆಗಿ ಅಲ್ಲಿ ಸೇರಿದ ಮೊದಲಿಗರು ಅವರೇ. ಈಗ ಅಂಕಿಅಂಶ ನೋಡುವ ಕೋಚ್‌ಗಳು ನಾಲ್ಕನೇ ಡೌನ್‌ನಲ್ಲೂ ಚೆಂಡು ಬಿಟ್ಟುಕೊಡಲು ಹಿಂದಿನಷ್ಟು ಸಿದ್ಧರಿಲ್ಲ. ಆದ್ದರಿಂದ ಪದವಿ ಮುಗಿಸಿ, ಹೊಟ್ಟೆಪಾಡಿಗೆ ಬೇರೊಂದು ಕೆಲಸ ಹಿಡಿಯಿರಿ, ತಂಡವಿಲ್ಲದಿದ್ದರೂ ಋತು ಪೂರ್ತಿ ಒದೆಯುತ್ತಿರಿ. ತಂಡಗಳು ಹೊಸಬರನ್ನು ಪರೀಕ್ಷಿಸುವುದು ಹೆಚ್ಚಾಗಿ ಮಂಗಳವಾರ. ಎಲ್ಲೋ ಒಬ್ಬನ ತೊಡೆ ಹಿಡಿದುಕೊಂಡರೆ ಸೋಮವಾರ ರಾತ್ರಿ ಫೋನ್ ಬರುತ್ತದೆ. ತಯಾರಾಗಲು ಒಂದು ವಾರ ಕೊಡಿ ಎಂದವನಿಗೆ ಎರಡನೇ ಫೋನ್ ಬರುವುದಿಲ್ಲ.