ಶಾಲೆ ಪಕ್ಕದ ಖಾಲಿ ಜಾಗ ಉದ್ಯಾನವಾಗಬೇಕೆ? ಸಸಿಗಿಂತ ಮೊದಲು ಉತಾರ ತೆಗೆಸಿ

ಬೆಳಗಾವಿಯ ಬಡಾವಣೆಗಳಲ್ಲಾಗಲಿ, ಖಾನಾಪುರ ಪಟ್ಟಣದಲ್ಲಾಗಲಿ, ಸರಕಾರಿ ಶಾಲೆಯ ಗೋಡೆಗೆ ಹತ್ತಿದ ಖಾಲಿ ಜಾಗಕ್ಕೆ ಮೊದಲು ಕಸ ಬೀಳುತ್ತದೆ, ಆಮೇಲೆ ವಾಹನಗಳು ನಿಲ್ಲುತ್ತವೆ, ಕೊನೆಗೆ ಯಾರದೋ ಶೆಡ್ಡು ಏಳುತ್ತದೆ. ಅಲ್ಲಿ ಮಕ್ಕಳಿಗೆ ನೆರಳು ಬೇಕೆಂದು ಓಣಿಯವರು ಕೂಡಿದರೆ ಕೆಲಸ ಶುರುವಾಗುವುದು ಸಸಿಯಿಂದ. ಆದರೆ ದಾಖಲೆಯಲ್ಲಿ ಉದ್ಯಾನವೆಂದು ನಮೂದಾಗದ ಜಾಗ ಎಷ್ಟೇ ಹಸಿರಾಗಿದ್ದರೂ ನಾಳೆ ಬೇರೆ ಕಟ್ಟಡಕ್ಕೆ ಮಂಜೂರಾಗಬಹುದು. ಆದ್ದರಿಂದ ಗುದ್ದಲಿ ಹಿಡಿಯುವ ಮುನ್ನ ಕಾಗದ ನೋಡಬೇಕು.

ಮೊದಲನೆಯದು, ಜಾಗ ಯಾರದು? ಬೆಳಗಾವಿ ನಗರದೊಳಗಾದರೆ ಸಿಟಿ ಸರ್ವೇ ಕಚೇರಿಯಲ್ಲಿ ಸಿ.ಟಿ.ಎಸ್. ಸಂಖ್ಯೆ ಕೊಟ್ಟು ಪ್ರಾಪರ್ಟಿ ಕಾರ್ಡ್ ಪಡೆಯಿರಿ. ಹೊರಗಿನ ಜಮೀನಿಗೆ ಉತಾರ, ಅಂದರೆ ಪಹಣಿ. ಸರ್ವೇ ನಂಬರ್ ಗೊತ್ತಿಲ್ಲದಿದ್ದರೆ ಆ ಜಾಗದಲ್ಲೇ ನಿಂತು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ಸಿಗುತ್ತದೆ. ಊರೊಳಗಿನ ಬಯಲೆಲ್ಲ ಪಾಲಿಕೆಯದೆಂದು ತಿಳಿಯುವುದು ತಪ್ಪು. ಟಿಳಕವಾಡಿಯ ವ್ಯಾಕ್ಸಿನ್ ಡಿಪೋದಲ್ಲಿ ಮರಗಳ ನಡುವೆ ಜನ ವಾಯುವಿಹಾರ ಮಾಡುತ್ತಾರೆ, ಆದರೆ ಅದು ಆರೋಗ್ಯ ಇಲಾಖೆಯ ಜಾಗ. ಕ್ಯಾಂಪ್ ಪ್ರದೇಶದ ಭೂಮಿ ರಕ್ಷಣಾ ಇಲಾಖೆಯದು. ಅಲ್ಲಿ ಪಾಲಿಕೆಗೆ ಅರ್ಜಿ ಕೊಟ್ಟು ಪ್ರಯೋಜನವಿಲ್ಲ, ಕಂಟೋನ್ಮೆಂಟ್ ಮಂಡಳಿಗೇ ಹೋಗಬೇಕು. ಖಾನಾಪುರ ತಾಲ್ಲೂಕಿನಲ್ಲಿ ಇನ್ನೊಂದು ಎಚ್ಚರಿಕೆ: ಜಾಗ ಅರಣ್ಯವೆಂದು ದಾಖಲಾಗಿದ್ದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿ ಕಟ್ಟೆ, ಕಾಂಕ್ರೀಟ್ ದಾರಿ ಹಾಕುವ ಮಾತನ್ನು ವಲಯ ಅರಣ್ಯಾಧಿಕಾರಿಯನ್ನು ಕೇಳದೆ ಎತ್ತಬೇಡಿ.

ಕಚೇರಿಯಲ್ಲಿ ದಾಖಲೆ ಸಿಗದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. 30 ದಿನಗಳೊಳಗೆ ಉತ್ತರ ಕೊಡಲೇಬೇಕು. ಒತ್ತುವರಿಯ ಸಂಶಯವಿದ್ದರೆ, ಮಾಲೀಕ ಇಲಾಖೆಯಿಂದಲೇ ಹದ್ದುಬಸ್ತಿಗೆ ಅರ್ಜಿ ಹಾಕಿಸಿ ಕಲ್ಲು ನೆಡಿಸಿ.

ಆಮೇಲೆ ಶಾಲೆ. ಎಸ್‌ಡಿಎಂಸಿ ಸಭೆಯ ಠರಾವು ಬೇಕು. ನಮ್ಮ ಭಾಗದಲ್ಲಿ ಒಂದೇ ಆವರಣದಲ್ಲಿ ಕನ್ನಡ, ಮರಾಠಿ ಅಥವಾ ಉರ್ದು ಶಾಲೆಗಳಿದ್ದರೆ ಎಲ್ಲ ಸಮಿತಿಗಳ ಠರಾವನ್ನೂ ಪಡೆಯಿರಿ. ಒಬ್ಬರನ್ನು ಬಿಟ್ಟರೂ ಕೆಲಸ ಅಲ್ಲೇ ನಿಲ್ಲುತ್ತದೆ. ಮಕ್ಕಳ ಆಟದ ಬಯಲನ್ನು ಮಾತ್ರ ಉದ್ಯಾನಕ್ಕೆ ಸೇರಿಸಕೂಡದು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಆಟದ ಮೈದಾನ ಇರಬೇಕೆನ್ನುತ್ತದೆ.

ಅರ್ಜಿ ಮಾಲೀಕರಿಗೆ ತಕ್ಕಂತೆ. ಬೆಳಗಾವಿಯಲ್ಲಿ ಪಾಲಿಕೆ ಆಯುಕ್ತರಿಗೆ ಅಥವಾ ನಗರಾಭಿವೃದ್ಧಿ ಪ್ರಾಧಿಕಾರದ (ಬುಡಾ) ಆಯುಕ್ತರಿಗೆ, ಅದರ ಒಂದು ಪ್ರತಿ ನಗರಸೇವಕರಿಗೆ. ಖಾನಾಪುರದಲ್ಲಿ ಪಟ್ಟಣ ಪಂಚಾಯಿತಿ ಮುಖ್ಯಾಧಿಕಾರಿಗೆ. ಹಳ್ಳಿಯಲ್ಲಿ ಗ್ರಾಮಸಭೆಯ ಠರಾವಿನೊಂದಿಗೆ ಪಿಡಿಒಗೆ. ಕಂದಾಯ ಭೂಮಿಯಾದರೆ ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ. ಭೂಕಂದಾಯ ಕಾಯ್ದೆ 1964ರ 71ನೇ ಕಲಮಿನಡಿ ಸರಕಾರಿ ಜಮೀನನ್ನು ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸುವ ಅಧಿಕಾರ ಅವರಿಗಿದೆ.

ಅರ್ಜಿಯಲ್ಲಿ 'ಅಭಿವೃದ್ಧಿಪಡಿಸಿ' ಎಂದಷ್ಟೇ ಬರೆದರೆ ಸಾಲದು. ಜಾಗವನ್ನು ಉದ್ಯಾನಕ್ಕೆ ಕಾಯ್ದಿರಿಸುವ ಆದೇಶ, ದಾಖಲೆಯಲ್ಲಿ ಆ ನಮೂದು, 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರ್ಪಡೆ, ಈ ಮೂರನ್ನೂ ಬಿಡಿಸಿ ಕೇಳಿ. ದಾಖಲೆಯಲ್ಲಿನ ನಮೂದಿನ ಬಲ ತಿಳಿಯಲು ಬೆಂಗಳೂರಿನ ಸದಾಶಿವನಗರದ ಪ್ರಕರಣ ನೋಡಬೇಕು. ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಬಿಡಿಎ ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿತ್ತು. ಬಡಾವಣೆಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಬಡಾವಣೆಯ ನಕ್ಷೆಯಲ್ಲಿ ಆ ಜಾಗ ಉದ್ಯಾನಕ್ಕೆ ಮೀಸಲಾಗಿತ್ತು ಎಂಬುದೇ ನಿವಾಸಿಗಳ ವಾದಕ್ಕೆ ಬುನಾದಿ.

ಆದೇಶ ಕೈಗೆ ಬಂದ ಮೇಲೆ ಗಿಡದ ಮಾತು. ಖಾನಾಪುರದ ಜಂಬಿಟ್ಟಿಗೆ ನೆಲದಲ್ಲಿ ಮೇ ತಿಂಗಳಲ್ಲೇ ಗುಂಡಿ ತೋಡಿ ಗೊಬ್ಬರ ತುಂಬಿಸಿಟ್ಟು, ಜೂನಿನ ಮಳೆ ಹಿಡಿದ ಮೇಲೆ ನೆಡಿ. ಹೊಂಗೆ, ನೇರಳೆ, ಹಲಸು, ಹೊಳೆದಾಸವಾಳ ಈ ಸೀಮೆಗೆ ಒಗ್ಗಿದವು. ಸಸಿಗೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ವಿಚಾರಿಸಿ. ಕಣಗಿಲೆ ವಿಷದ ಗಿಡ, ಚಿಕ್ಕ ಮಕ್ಕಳಿರುವಲ್ಲಿ ಬೇಡ. ಗುಲ್‌ಮೊಹರ್ ಮಳೆಗಾಲದ ಗಾಳಿಗೆ ಸುಲಭವಾಗಿ ಉರುಳುತ್ತದೆ. ಎತ್ತರದ ಗೋಡೆಗಿಂತ ಒಳಗಿನದು ಕಾಣುವ ಜಾಲರಿ ಬೇಲಿ ಒಳ್ಳೆಯದು, ರಸ್ತೆಯಲ್ಲಿ ಹೋಗುವವರ ಕಣ್ಣೇ ಮಕ್ಕಳಿಗೆ ಕಾವಲು. ಶಾಲೆಯ ಕಡೆ ಒಂದು ಬಾಗಿಲು, ರಸ್ತೆಯ ಕಡೆ ಒಂದು. ಶಾಲೆಯ ಹೊತ್ತಿನಲ್ಲಿ ರಸ್ತೆಯ ಬಾಗಿಲಿಗೆ ಬೀಗ.

ನಿರ್ವಹಣೆಯೂ ಬರಹದಲ್ಲಿರಲಿ. ಗುಡಿಸುವವರು ಯಾರು, ಬೀಗದ ಕೈ ಯಾರ ಬಳಿ, ಮೊದಲೆರಡು ಬೇಸಿಗೆ ನೀರು ಎಲ್ಲಿಂದ ಎಂಬುದನ್ನು ಪಾಲಿಕೆ ಅಥವಾ ಪಂಚಾಯಿತಿಯಿಂದ ಲಿಖಿತವಾಗಿ ಪಡೆಯಿರಿ. ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಶಾಲೆಯಲ್ಲಿ ಯಾರೂ ಇರುವುದಿಲ್ಲ, ಸಸಿಗಳು ಒಣಗುವುದೂ ಆಗಲೇ.

ಇಷ್ಟೆಲ್ಲಕ್ಕೆ ಸಮಯ ಬೇಕು. ಮುಂದಿನ ಜೂನ್‌ನಲ್ಲಿ ಸಸಿ ನೆಡುವ ಆಸೆಯಿದ್ದರೆ ಉತಾರದ ಅರ್ಜಿಯನ್ನು ಈ ವಾರವೇ ಕೊಡಿ.